ತುಂಬಿದ ಬಸ್ಸಿಗೆ ದಾರಿ, ಖಾಲಿ ಲಾರಿಗೆ ತಡೆ: ಘಾಟಿ ನಿರ್ಬಂಧದ ಹಿಂದಿನ ಲೆಕ್ಕ

ಪ್ರಶ್ನೆ: ಮೂಡಿಗೆರೆ ಕಡೆಯಿಂದ ಮಂಗಳೂರಿಗೆ ಕಾಫಿ, ಕಾಳುಮೆಣಸು ಸಾಗಿಸುವ ಎರಡು ಆರು ಚಕ್ರದ ಲಾರಿ ಇಟ್ಟುಕೊಂಡಿದ್ದೇನೆ. ಚಾರ್ಮಾಡಿಯಲ್ಲಿ ಜನ ತುಂಬಿದ ಬಸ್ಸು ಇಳಿಯುತ್ತದೆ, ನನ್ನ ಲಾರಿ ಖಾಲಿ ಇದ್ದಾಗಲೂ ತಡೆಯುತ್ತಾರೆ. ಇದರಲ್ಲಿ ಏನಾದರೂ ತರ್ಕ ಇದೆಯೇ? ಇಂಥ ಆದೇಶವನ್ನು ಯಾರು, ಯಾವ ಅಧಿಕಾರದಲ್ಲಿ ಹೊರಡಿಸುತ್ತಾರೆ? ಸಕಲೇಶಪುರ ಸುತ್ತಿಕೊಂಡು ಶಿರಾಡಿ ಇಳಿಯುವಾಗ ಬ್ರೇಕು ಕಾದು ವಾಸನೆ ಬರುತ್ತದೆ ಎಂದು ಡ್ರೈವರ್ ಹೇಳುತ್ತಾನೆ. ಅವನಿಗೆ ಏನು ಹೇಳಿಕೊಡಬೇಕು?

ಉತ್ತರ: ತರ್ಕ ಇದೆ. ಆದರೆ ಅದು ಒಂದಲ್ಲ, ಮೂರು. ರಸ್ತೆಯ ಹೊರ ಅಂಚು ಎಷ್ಟು ಭಾರ ತಡೆಯುತ್ತದೆ, ಹೇರ್‌ಪಿನ್ ತಿರುವಿನಲ್ಲಿ ಎಷ್ಟು ಉದ್ದದ ಗಾಡಿ ತಿರುಗುತ್ತದೆ, ಇಳಿಯುವಾಗ ಬ್ರೇಕು ಎಷ್ಟು ಬಿಸಿ ತಾಳುತ್ತದೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ, ತೊಂದರೆ ಕೊಡುವ ವಾಹನಗಳೂ ಬೇರೆ ಬೇರೆ. ಆದೇಶದಲ್ಲಿ ಮಾತ್ರ ಮೂರನ್ನೂ ‘ಭಾರೀ ವಾಹನ’ ಎಂಬ ಒಂದೇ ಮಾತಿನಲ್ಲಿ ಹಾಕಿ ಮುಗಿಸುತ್ತಾರೆ. ನಿಮಗೆ ಅನ್ಯಾಯ ಅನ್ನಿಸುತ್ತಿರುವುದು ಅದರಿಂದ. ಒಂದೊಂದಾಗಿ ನೋಡೋಣ.

ಹೊರ ಅಂಚಿನ ಭಾರ

ಘಾಟಿ ರಸ್ತೆಯನ್ನು ಅಡ್ಡಕ್ಕೆ ಸೀಳಿ ನೋಡಿದರೆ ಅರ್ಧ ಭಾಗ ಗುಡ್ಡ ಕಡಿದು ಮಾಡಿದ್ದು, ಇನ್ನರ್ಧ ಕಡಿದ ಮಣ್ಣನ್ನೇ ಕಣಿವೆಯ ಕಡೆಗೆ ತುಂಬಿ ಮಾಡಿದ್ದು. ಒಳಗಡೆಯ ಅರ್ಧ ಗಟ್ಟಿ ನೆಲದ ಮೇಲೆ ಕೂತಿರುತ್ತದೆ. ಹೊರಗಡೆಯ ಅರ್ಧವನ್ನು ಹಿಡಿದಿಟ್ಟಿರುವುದು ಕೆಳಗಿನ ಕಲ್ಲುಗೋಡೆ. ಹಳೆಯ ಘಾಟಿಗಳಲ್ಲಿ ಇವು ಗಾರೆ ಇಲ್ಲದ ಒಣಕಲ್ಲಿನ ಗೋಡೆಗಳು, ಎತ್ತಿನ ಗಾಡಿ ಮತ್ತು ಸಣ್ಣ ಲಾರಿಗಳ ಕಾಲದ ಲೆಕ್ಕಕ್ಕೆ ಕಟ್ಟಿದವು.

ಮಳೆಗಾಲದಲ್ಲಿ ಈ ತುಂಬುಮಣ್ಣಿಗೆ ನೀರು ಇಳಿಯುತ್ತದೆ. ಪಶ್ಚಿಮ ಘಟ್ಟದ ಕರಾವಳಿ ಬದಿಯಲ್ಲಿ ಜಂಬಿಟ್ಟಿಗೆಯ ಪದರದ ಕೆಳಗೆ ಹಲವೆಡೆ ಶೇಡಿ ಮಣ್ಣು ಸಿಗುತ್ತದೆ. ಒಣಗಿದ್ದಾಗ ಅದು ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಜೆಸಿಬಿಯಲ್ಲಿ ನೆಟ್ಟಗೆ ಕಡಿದು ‘ನಿಂತಿದೆಯಲ್ಲ’ ಅಂದುಕೊಂಡ ಧರೆ (ರಸ್ತೆ ಬದಿಯಲ್ಲಿ ಕಡಿದ ಗುಡ್ಡದ ಗೋಡೆ) ಜುಲೈಯಲ್ಲಿ ರಸ್ತೆಗೆ ಬರುವುದು ಇದೇ ಕಾರಣಕ್ಕೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಮೇಲಿನ ಧರೆ ಕುಸಿದು ಬಂದದ್ದರ ಜೊತೆಗೆ ಕಣಿವೆ ಬದಿಯ ಅಂಚೂ ಹಲವು ಕಡೆ ಕಿತ್ತುಹೋಯಿತು. ಭಾರೀ ವಾಹನ ನಿರ್ಬಂಧ ಗಟ್ಟಿಯಾಗಿ ಬಂದದ್ದು ಆಮೇಲೆ. ಮೇಲಿನ ಕುಸಿತಕ್ಕೂ ಲಾರಿಯ ತೂಕಕ್ಕೂ ದೊಡ್ಡ ಸಂಬಂಧವಿಲ್ಲ. ಮಣ್ಣು ತೆರವು ಮಾಡಿದರೆ ಮುಗಿಯಿತು. ಕೆಳ ಅಂಚಿಗೆ ಮಾತ್ರ ಸಂಬಂಧ ಇದೆ, ಹತ್ತಿರದ್ದೇ ಇದೆ.

ಎಷ್ಟು ಹತ್ತಿರದ್ದು ಎನ್ನುವುದಕ್ಕೆ ರಸ್ತೆ ಎಂಜಿನಿಯರುಗಳು ಬಳಸುವ ಒಂದು ಸೂತ್ರ ಇದೆ. ಆಕ್ಸಲ್ (ಎರಡೂ ಬದಿಯ ಚಕ್ರ ಜೋಡಿಸುವ ಅಚ್ಚು) ಮೇಲಿನ ಭಾರ ಎಷ್ಟು ಪಟ್ಟಾಗುತ್ತದೋ, ರಸ್ತೆಗೆ ಆಗುವ ಹಾನಿ ಸರಿಸುಮಾರು ಆ ಸಂಖ್ಯೆಯ ನಾಲ್ಕನೇ ಘಾತದಷ್ಟು, ಅಂದರೆ ಅದೇ ಸಂಖ್ಯೆಯನ್ನು ನಾಲ್ಕು ಸಲ ಬರೆದು ಗುಣಿಸಿದಷ್ಟು ಪಟ್ಟಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಹಿಂದಿನ ಆಕ್ಸಲ್‌ನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಮುಂದಿನ ಆಕ್ಸಲ್‌ನ ಮಿತಿಯೂ ಏರಿದ್ದರಿಂದ ಆರು ಚಕ್ರದ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ ಆಯಿತು. ಹಿಂದಿನ ಆಕ್ಸಲ್ ಮಿತಿ ಏರಿದ್ದು ಶೇ. 13ರಷ್ಟು, ಅದೇ ರಸ್ತೆಗೆ ಒಂದು ಸಲಕ್ಕೆ ಆಗುವ ಹಾನಿ ಏರಿದ್ದು ಶೇ. 60ಕ್ಕಿಂತ ಹೆಚ್ಚು. ಗೋಡೆ ಮತ್ತು ಮೋರಿಗಳು ಮಾತ್ರ ಹಳೆಯವೇ.

ಈಗ ನಿಮ್ಮ ಬಸ್ಸಿನ ಪ್ರಶ್ನೆಗೆ ಬರೋಣ. ಸಾಮಾನ್ಯ ಕೆಂಪು ಬಸ್ಸು ಸುಮಾರು 10 ಟನ್ ತೂಗುತ್ತದೆ. 55 ಜನರನ್ನು ಹತ್ತಿಸಿದರೆ ಇನ್ನೊಂದು ಮೂರೂವರೆ ಟನ್. ಹಿಂದಿನ ಆಕ್ಸಲ್ ಮೇಲೆ ಬೀಳುವುದು 9 ಟನ್ನಿನ ಆಸುಪಾಸು. ಕಾನೂನಿನ ಮಿತಿಯಲ್ಲೇ ತುಂಬಿದ ನಿಮ್ಮ ಲಾರಿಯ ಹಿಂದಿನ ಆಕ್ಸಲ್ 11.5 ಟನ್. ನಾಲ್ಕನೇ ಘಾತ ಹಾಕಿ ನೋಡಿ, ಒಂದು ಲಾರಿ ಸುಮಾರು ಎರಡೂವರೆ ಬಸ್ಸಿನಷ್ಟು ಹಾನಿ ಮಾಡುತ್ತದೆ. ಮೇಲಾಗಿ ಬಸ್ಸಿನ ತೂಕಕ್ಕೆ ಸೀಟೇ ಮಿತಿ. ಎಷ್ಟೇ ನೂಕುನುಗ್ಗಲಾದರೂ ಇನ್ನೊಂದು ಟನ್ ಏರೀತು ಅಷ್ಟೆ. ಲಾರಿಯಲ್ಲಿ ಟಾರ್ಪಾಲಿನ ಕೆಳಗೆ ಎಷ್ಟಿದೆ ಎಂದು ಚೆಕ್‌ಪೋಸ್ಟಿನಲ್ಲಿ ನಿಂತ ಪೊಲೀಸರಿಗೆ ಗೊತ್ತಾಗುವ ದಾರಿ ಇಲ್ಲ. ಘಾಟಿಯ ಬಾಯಲ್ಲಿ ತೂಕದ ಯಂತ್ರ ಇರುವುದಿಲ್ಲ. ಅವರು ಎಣಿಸಬಲ್ಲದ್ದು ಚಕ್ರವನ್ನು. ಹಾಗಾಗಿ ಚಕ್ರ ಎಣಿಸಿ ತಡೆಯುತ್ತಾರೆ.

ನಿಮ್ಮ ಖಾಲಿ ಲಾರಿಯ ವಿಷಯದಲ್ಲಿ ಮಾತ್ರ ಈ ತರ್ಕ ನಿಲ್ಲುವುದಿಲ್ಲ. ಖಾಲಿ ಆರು ಚಕ್ರದ ಲಾರಿ ತುಂಬಿದ ಬಸ್ಸಿಗಿಂತ ಎಷ್ಟೋ ಹಗುರ. ಅದನ್ನು ತಡೆಯುವುದು ಆಡಳಿತದ ಅನುಕೂಲಕ್ಕೆ, ರಸ್ತೆಯ ಸುರಕ್ಷತೆಗೆ ಅಲ್ಲ. ಇದನ್ನು ಬಿಚ್ಚಿ ಹೇಳುವುದರಲ್ಲಿ ತಪ್ಪಿಲ್ಲ; ಮನವಿಯಲ್ಲಿ ಹೇಗೆ ಹೇಳಬೇಕು ಎಂಬುದನ್ನು ಕೊನೆಯಲ್ಲಿ ಬರೆದಿದ್ದೇನೆ.

ಉದ್ದದ ಲೆಕ್ಕ

ಆಗುಂಬೆಯದು ಬೇರೆ ಕಥೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಅಲ್ಲಿಯೂ ಅಂಚನ್ನು ಕೊರೆಯುತ್ತದೆ ನಿಜ. ಆದರೆ ಮಳೆ ಇಲ್ಲದ ಫೆಬ್ರವರಿಯಲ್ಲೂ ಆ 14 ಹೇರ್‌ಪಿನ್ ತಿರುವುಗಳಲ್ಲಿ ಉದ್ದದ ಗಾಡಿ ತಿರುಗುವುದಿಲ್ಲ. ಕಾರಣ ರೇಖಾಗಣಿತ.

ಗಾಡಿ ತಿರುಗುವಾಗ ಹಿಂಚಕ್ರ ಮುಂಚಕ್ರದ ಹಾದಿಯಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ ಆಕ್ಸಲ್ 12 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಎಂದುಕೊಳ್ಳಿ. ಎರಡು ಆಕ್ಸಲ್ ನಡುವೆ ಆರೂವರೆ ಮೀಟರ್ ಅಂತರ ಇರುವ ಉದ್ದ ಚಾಸಿಯ ಗಾಡಿಯಲ್ಲಿ ಹಿಂಚಕ್ರ ಸುಮಾರು 1.9 ಮೀಟರ್ ಒಳಗೆ ಬರುತ್ತದೆ. ಗಾಡಿಯ ಎರಡೂವರೆ ಮೀಟರ್ ಅಗಲ ಸೇರಿಸಿದರೆ ಅದಕ್ಕೆ ನಾಲ್ಕೂವರೆ ಮೀಟರ್ ರಸ್ತೆ ಬೇಕು. ಎದುರಿನವರು ಕಾದು ನಿಂತರೆ ಹೇಗೋ ದಾಟಬಹುದು. ಟ್ರೈಲರ್ ಆದರೆ ಎಳೆಯುವ ಗಾಡಿಗೆ ಮೂರೂವರೆ ಮೀಟರ್, ಹಿಂದಿನದಕ್ಕೆ 9 ಮೀಟರ್ ಅಂತರ ಎಂದಿಟ್ಟುಕೊಳ್ಳಿ. ಕೊನೆಯ ಚಕ್ರ ಹೆಚ್ಚುಕಡಿಮೆ 5 ಮೀಟರ್ ಒಳಗೆ ಬರುತ್ತದೆ. ಒಟ್ಟು ಏಳೂವರೆ ಮೀಟರ್. ರಸ್ತೆಯ ಡಾಂಬರೇ ಅಷ್ಟಗಲ ಇರುವುದಿಲ್ಲ. ಒಳಚಕ್ರ ಚರಂಡಿಗೆ ಇಳಿಯುತ್ತದೆ, ಇಲ್ಲವೇ ಮುಂಭಾಗ ತಡೆಗೋಡೆಗೆ ತಾಗುತ್ತದೆ. ಡ್ರೈವರ್ ಎಷ್ಟೇ ಪಳಗಿದವನಾದರೂ ಇದನ್ನು ಬದಲಿಸಲಾರ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಗುಡ್ಡಗಾಡು ರಸ್ತೆಗಳ ಮಾರ್ಗಸೂಚಿ ಹೇರ್‌ಪಿನ್ ತಿರುವಿಗೆ ಒಳತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು ಎನ್ನುತ್ತದೆ. ದ್ವಿಪಥ ಹೆದ್ದಾರಿಯಾದರೆ ತಿರುವಿನ ತುದಿಯಲ್ಲಿ ರಸ್ತೆಯ ಅಗಲ 11.5 ಮೀಟರ್ ಇರಬೇಕು, ಎರಡು ಹೇರ್‌ಪಿನ್‌ಗಳ ನಡುವೆ 60 ಮೀಟರ್ ಬಿಡಬೇಕು, ತಿರುವಿನೊಳಗೆ ಏರು 40ಕ್ಕೆ 1ರಷ್ಟನ್ನು ಮೀರಬಾರದು. ನಮ್ಮ ಹಳೆಯ ಘಾಟಿಗಳಲ್ಲಿ ಇಷ್ಟನ್ನೂ ಪೂರೈಸುವ ತಿರುವು ಹುಡುಕುವುದು ಕಷ್ಟ. ಅಗಲ ಮಾಡಬೇಕಾದರೆ ಮೇಲಿನ ಧರೆ ಕಡಿಯಬೇಕು, ಕಡಿದರೆ ಮೇಲೆ ಹೇಳಿದ ಶೇಡಿ ಮಣ್ಣಿನ ಕಥೆ ಶುರುವಾಗುತ್ತದೆ. ಆದ್ದರಿಂದ ಆಗುಂಬೆಯ ಭಾರೀ ವಾಹನಗಳನ್ನು ಮಾಸ್ತಿಕಟ್ಟೆ, ಹುಲಿಕಲ್, ಹೊಸಂಗಡಿ, ಸಿದ್ದಾಪುರದ ಬಾಳೆಬರೆ ಘಾಟಿಗೆ ತಿರುಗಿಸುತ್ತಾರೆ.

ಆದೇಶಗಳಲ್ಲಿ ‘ಲಾಂಗ್ ಚಾಸಿಸ್ ವಾಹನ’, ‘ಷಿಪ್ ಕಾರ್ಗೋ ಕಂಟೇನರ್’, ‘ಮಲ್ಟಿ ಆಕ್ಸಲ್ ಟ್ರಕ್ ಟ್ರೈಲರ್’ ಎಂದು ಪಟ್ಟಿ ಕೊಟ್ಟಿರುವುದನ್ನು ನೋಡಿರುತ್ತೀರಿ. ಅದು ಉದ್ದದ ಕಾರಣಕ್ಕೆ. ‘ಬುಲೆಟ್ ಟ್ಯಾಂಕರ್’ ಎಂದಿದ್ದರೆ ಕಾರಣ ಬೇರೆ: ಅನಿಲ ತುಂಬಿದ ಟ್ಯಾಂಕರ್ ಉರುಳಿದರೆ ನಷ್ಟ ಆ ಗಾಡಿಗೆ ಮುಗಿಯುವುದಿಲ್ಲ, ಇಡೀ ಘಾಟಿಯೇ ಬಂದ್ ಆಗುತ್ತದೆ. ಅರ್ಧ ತುಂಬಿದ ದ್ರವದ ಟ್ಯಾಂಕರ್ ಇನ್ನೂ ಅಪಾಯ, ತಿರುವಿನಲ್ಲಿ ದ್ರವ ಹೊರಬದಿಗೆ ಹೊಯ್ದಾಡಿ ಗಾಡಿಯನ್ನು ಮಗುಚುತ್ತದೆ.

ಬ್ರೇಕು ಯಾಕೆ ಕಾಯುತ್ತದೆ

ನಿಮ್ಮ ಮೂರನೇ ಪ್ರಶ್ನೆಯೇ ನಿಜಕ್ಕೂ ತುರ್ತಿನದು. ವಾಸನೆ ಬರುತ್ತಿದೆ ಅಂದರೆ ಬ್ರೇಕ್ ಲೈನರ್ (ಡ್ರಮ್ಮಿಗೆ ಒತ್ತಿ ಚಕ್ರ ತಡೆಯುವ ಪಟ್ಟಿ) ಸುಡಲು ಶುರುವಾಗಿದೆ.

18.5 ಟನ್ನಿನ ಲಾರಿ 12 ಕಿ.ಮೀ. ದಾರಿಯಲ್ಲಿ 600 ಮೀಟರ್ ಕೆಳಗಿಳಿಯುತ್ತದೆ ಎಂದುಕೊಳ್ಳಿ, ಅಂದರೆ ಶೇ. 5ರ ಇಳಿಜಾರು. ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 109 ಮೆಗಾಜೂಲ್. ಟೈರಿನ ಉರುಳುವಿಕೆಯಲ್ಲಿ ಒಂದಿಷ್ಟು ಹೋಗಿ 90 ಮೆಗಾಜೂಲ್ ಉಳಿಯುತ್ತದೆ. ಇದನ್ನು ಎಂಜಿನ್ ನುಂಗಬೇಕು ಅಥವಾ ಬ್ರೇಕು ನುಂಗಬೇಕು. ನಾಲ್ಕು ಬ್ರೇಕ್ ಡ್ರಮ್ಮುಗಳ ಕಬ್ಬಿಣ ಎಲ್ಲ ಸೇರಿ 170 ಕೆ.ಜಿ. ಆಸುಪಾಸು. ಪೂರ್ತಿ ಶಕ್ತಿಯನ್ನು ಅದಕ್ಕೇ ಸುರಿದು, ಗಾಳಿಗೆ ಏನೂ ಹೋಗದಿದ್ದರೆ ಡ್ರಮ್ಮು 1,000 ಡಿಗ್ರಿ ದಾಟುತ್ತದೆ. ಗಾಳಿ ತಣಿಸುತ್ತದೆ ನಿಜ, ಆದರೆ ನಿಧಾನಕ್ಕೆ. ಲೈನರಿನ ಹಿಡಿತ 300 ಡಿಗ್ರಿ ದಾಟುತ್ತಿದ್ದಂತೆ ಸಡಿಲವಾಗತೊಡಗುತ್ತದೆ.

ಡ್ರಮ್ ಬ್ರೇಕಿನಲ್ಲಿ ಇನ್ನೊಂದು ಮೋಸ ಇದೆ. ಕಾದ ಡ್ರಮ್ಮು ಹಿಗ್ಗುತ್ತದೆ. 410 ಮಿ.ಮೀ. ವ್ಯಾಸದ ಡ್ರಮ್ಮು 300 ಡಿಗ್ರಿ ಏರಿದರೆ ವ್ಯಾಸದಲ್ಲಿ 1.3 ಮಿ.ಮೀ.ಗೂ ಹೆಚ್ಚು ದೊಡ್ಡದಾಗುತ್ತದೆ. ಲೈನರ್ ಈಗ ಅಷ್ಟು ದೂರ ಹೋಗಿ ಮುಟ್ಟಬೇಕು, ಅಂದರೆ ಬ್ರೇಕ್ ಚೇಂಬರಿನ (ಗಾಳಿಯ ಒತ್ತಡದಿಂದ ಬ್ರೇಕು ಒತ್ತುವ ಡಬ್ಬಿ) ಪುಶ್ ರಾಡ್ ಹೆಚ್ಚು ಹೊರಬರಬೇಕು. 30ನೇ ಮಾದರಿಯ ಚೇಂಬರಿನಲ್ಲಿ ಪುಶ್ ರಾಡ್ ಪೂರ್ತಿ ಹೊರಬರುವುದು 64 ಮಿ.ಮೀ. 51 ಮಿ.ಮೀ. ದಾಟಿದರೆ ಬಲ ಬೇಗ ಕುಸಿಯುತ್ತದೆ. ಗ್ಯಾರೇಜಿನಲ್ಲಿ ತಣ್ಣಗಿದ್ದಾಗಲೇ 50 ಮಿ.ಮೀ. ಹೊರಬರುವ ಬ್ರೇಕು ಬಯಲಿನ ರಸ್ತೆಯಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ, ಘಾಟಿಯ ಅರ್ಧದಲ್ಲಿ ಕೈಕೊಡುತ್ತದೆ. ಏರ್ ಬ್ರೇಕಿನಲ್ಲಿ ಪೆಡಲ್ ಒತ್ತಿದ ಅನುಭವ ಹೆಚ್ಚೇನೂ ಬದಲಾಗುವುದಿಲ್ಲವಾದ್ದರಿಂದ ಡ್ರೈವರಿಗೆ ಮುನ್ಸೂಚನೆಯೂ ಸಿಗುವುದಿಲ್ಲ.

ಈಗ ವೇಗದ ವಿಚಾರ. ಅದೇ 12 ಕಿ.ಮೀ. ಇಳಿಯಲು 20 ಕಿ.ಮೀ. ವೇಗದಲ್ಲಿ 36 ನಿಮಿಷ, 40ರಲ್ಲಿ 18 ನಿಮಿಷ. ತಡೆಯಬೇಕಾದ ಶಕ್ತಿ ಮೊದಲನೆಯದರಲ್ಲಿ ಸರಾಸರಿ 42 ಕಿಲೋವ್ಯಾಟ್, ಎರಡನೆಯದರಲ್ಲಿ 83. ನಿಮ್ಮಂಥ ಲಾರಿಯ ಎಂಜಿನ್ 150ರಿಂದ 180 ಎಚ್‌ಪಿಯದು. ಎಕ್ಸಾಸ್ಟ್ ಬ್ರೇಕ್ (ಹೊಗೆ ಹೊರಹೋಗುವ ದಾರಿ ಮುಚ್ಚಿ ಎಂಜಿನ್ನಿನಿಂದಲೇ ಗಾಡಿ ತಡೆಯುವ ವ್ಯವಸ್ಥೆ) ಹಾಕಿ ಸರಿಯಾದ ಗೇರಿನಲ್ಲಿ ಇಳಿದರೆ ಆ 42ರ ಬಹುಪಾಲನ್ನು ಎಂಜಿನ್ ಒಂದೇ ನುಂಗುತ್ತದೆ, ಕಾಲಿನ ಬ್ರೇಕಿಗೆ ತಿರುವಿನ ಕೆಲಸ ಮಾತ್ರ ಉಳಿಯುತ್ತದೆ. 83 ಆದರೆ ಎಂಜಿನ್ ಸೋಲುತ್ತದೆ, ಮಿಕ್ಕದ್ದೆಲ್ಲ ಡ್ರಮ್ಮಿಗೆ. 18 ನಿಮಿಷ ಉಳಿಸಲು ಹೋಗಿ ಡ್ರೈವರ್ ತೆರುತ್ತಿರುವುದು ಈ ಬೆಲೆ.

ಅವನಿಗೆ ಹೇಳಬೇಕಾದದ್ದು ಇಷ್ಟು. ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟಿನಲ್ಲೇ ಗೇರ್ ಇಳಿಸಿಕೊಳ್ಳಲಿ. ಇಳಿಜಾರಿನಲ್ಲಿ ವೇಗ ಹೆಚ್ಚಾದ ಮೇಲೆ ಕೆಳಗಿನ ಗೇರಿಗೆ ಹಾಕಲು ಹೋದರೆ ಗೇರ್ ಬೀಳುವುದಿಲ್ಲ, ಗಾಡಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ‘ಹತ್ತಿದ ಗೇರಿನಲ್ಲೇ ಇಳಿ’ ಎಂಬ ಹಳಬರ ಮಾತು ಹಳೆಯ ಎಂಜಿನ್‌ಗೆ ಸರಿ ಇತ್ತು. ಈಗಿನ ಎಂಜಿನ್‌ಗಳು ಬಲವಾಗಿದ್ದು ಮೇಲಿನ ಗೇರಿನಲ್ಲೇ ಹತ್ತಿಬಿಡುತ್ತವೆ, ಹಾಗಾಗಿ ಹತ್ತಿದ್ದಕ್ಕಿಂತ ಒಂದು ಗೇರ್ ಕಡಿಮೆ ಹಿಡಿಯಿರಿ. ಎಕ್ಸಾಸ್ಟ್ ಬ್ರೇಕು ಎಂಜಿನ್ ಜೋರಾಗಿ ತಿರುಗುವಾಗಲೇ ಚೆನ್ನಾಗಿ ಹಿಡಿಯುವುದು. ಆರ್‌ಪಿಎಂ ಕೆಂಪು ಗೆರೆ ಮುಟ್ಟದಿದ್ದರೆ ಸಾಕು, ಸದ್ದಿಗೆ ಹೆದರಿ ಮೇಲಿನ ಗೇರಿಗೆ ಹಾಕುವುದು ಬೇಡ. ಒಂದು ಎಚ್ಚರಿಕೆ: ಖಾಲಿ ಲಾರಿ, ಜೋರು ಮಳೆ, ಪಾಚಿಗಟ್ಟಿದ ನೆರಳಿನ ತಿರುವು, ಇವು ಮೂರೂ ಸೇರಿದಾಗ ಎಕ್ಸಾಸ್ಟ್ ಬ್ರೇಕಿನಿಂದ ಹಿಂಚಕ್ರ ಜಾರಬಹುದು. ಅಂಥ ಕಡೆ ಮೊದಲೇ ನಿಧಾನ ಮಾಡಿ, ತಿರುವಿನೊಳಗೆ ಅದನ್ನು ತೆಗೆಯಬೇಕು.

ಕಾಲಿನ ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಟ್ಟುಕೊಳ್ಳುವ ಅಭ್ಯಾಸ ಅನೇಕರಿಗೆ ಇರುತ್ತದೆ. ಕಾಯುವುದು ಅದರಿಂದಲೇ. ಗಾಡಿ 30 ಮುಟ್ಟಿತೇ, ಮೂರು ಸೆಕೆಂಡು ಗಟ್ಟಿಯಾಗಿ ಒತ್ತಿ 22ಕ್ಕೆ ಇಳಿಸಿ, ಪೂರ್ತಿ ಬಿಡಬೇಕು. ಮತ್ತೆ 30 ಆಗುವವರೆಗೆ ಮುಟ್ಟಬಾರದು. ಮೆಲ್ಲಗೆ ಒತ್ತಿದಾಗ ಕಡಿಮೆ ಒತ್ತಡಕ್ಕೇ ಹಿಡಿಯುವ ಒಂದೆರಡು ಚಕ್ರಗಳು ಮಾತ್ರ ಕೆಲಸ ಮಾಡುತ್ತವೆ, ಅವಷ್ಟೇ ಸುಡುತ್ತವೆ. ಗಟ್ಟಿಯಾಗಿ ಒತ್ತಿದಾಗ ನಾಲ್ಕೂ ಹಂಚಿಕೊಳ್ಳುತ್ತವೆ, ನಡುವೆ ಬಿಟ್ಟಾಗ ಗಾಳಿಯೂ ಆಡುತ್ತದೆ. ಹಾಗೆಂದು ಪಟಪಟನೆ ಒತ್ತಿ ಬಿಟ್ಟು ಮಾಡುವುದೂ ತಪ್ಪು, ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ಗಾಳಿಯ ಒತ್ತಡ 5 ಬಾರ್ ಆಸುಪಾಸಿಗೆ ಇಳಿದು ಬಜರ್ ಕೂಗಿದರೆ ಅದು ಗಾಡಿ ನಿಲ್ಲಿಸುವ ಹೊತ್ತು.

ನ್ಯೂಟ್ರಲ್‌ನಲ್ಲಿ ಬಿಟ್ಟರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಬಿಎಸ್-4, ಬಿಎಸ್-6 ಹೊಗೆ ಮಾನದಂಡದ ಈಚಿನ ಎಂಜಿನ್‌ಗಳಲ್ಲಿ ಅದು ತಿರುಗುಮುರುಗು. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನಿಗೆ ಡೀಸೆಲ್ ಸರಬರಾಜೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಬಂದ್ ಆಗದ ಹಾಗೆ ಡೀಸೆಲ್ ಸುರಿಯಲೇಬೇಕು. ಕೀಲಿ ತಿರುಗಿಸಿ ಎಂಜಿನ್ನನ್ನೇ ಆರಿಸುವವರದ್ದಂತೂ ಹುಚ್ಚು ಸಾಹಸ. ಕಂಪ್ರೆಸರ್ ನಿಲ್ಲುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ.

ವಾಸನೆ ಬಂದಾಗ ಅಗಲವಾದ, ಆದಷ್ಟು ಸಮತಟ್ಟಾದ ಜಾಗ ನೋಡಿ ಗೇರಿನಲ್ಲೇ ನಿಲ್ಲಿಸಿ, ಕ್ಲೀನರ್ ಚಕ್ರಕ್ಕೆ ಮರದ ಅಡೆ ಕೊಡಲಿ. ಕಾದ ಡ್ರಮ್ಮಿಗೆ ಝರಿಯ ನೀರು ಎರಚಬೇಡಿ, ಎರಕದ ಕಬ್ಬಿಣ ಸೀಳುತ್ತದೆ. ಕಡಿಮೆಯೆಂದರೆ 30–45 ನಿಮಿಷ ಬಿಡಿ. ಹ್ಯಾಂಡ್ ಬ್ರೇಕನ್ನೇ ನಂಬಿಕೊಂಡು ನಿಲ್ಲಿಸಬೇಡಿ; ಬಿಸಿ ಡ್ರಮ್ಮು ಆರುತ್ತಾ ಕುಗ್ಗುವಾಗ ಹಿಡಿತ ಬದಲಾಗುತ್ತದೆ, ಅಡೆ ಇರಲೇಬೇಕು. ಅಡೆಗೆ ಕಲ್ಲು ಇಟ್ಟಿದ್ದರೆ ಹೊರಡುವಾಗ ಎತ್ತಿ ಬದಿಗೆ ಹಾಕುವುದು ಮರೆಯಬಾರದು. ಘಾಟಿಯಲ್ಲಿ ಬಿಟ್ಟುಹೋದ ಆ ಒಂದು ಕಲ್ಲು ರಾತ್ರಿ ಮಂಜಿನಲ್ಲಿ ಬರುವ ಬೈಕ್ ಸವಾರನ ಪ್ರಾಣ ತೆಗೆಯುತ್ತದೆ. ಲಾರಿಯಲ್ಲೇ ಎರಡು ಮರದ ಅಡೆ, ಹಗ್ಗ ಕಟ್ಟಿ ಇಟ್ಟುಕೊಳ್ಳಿ.

ಹೊರಡುವ ಮೊದಲಿನ ಪರೀಕ್ಷೆ ಹತ್ತು ನಿಮಿಷದ ಕೆಲಸ. ಗಾಳಿ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡಿ, ಮಳೆಗಾಲದಲ್ಲಿ ದಿನಾ. ಒತ್ತಡ ತುಂಬಿಸಿ, ಎಂಜಿನ್ ಆರಿಸಿ, ಪೆಡಲ್ ಪೂರ್ತಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಮುಳ್ಳು 0.3 ಬಾರ್‌ಗಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಪುಶ್ ರಾಡಿನ ಮೇಲೆ ಸೀಮೆಸುಣ್ಣದ ಗೆರೆ ಹಾಕಿ, ಒಬ್ಬರು ಬ್ರೇಕ್ ಒತ್ತಿದಾಗ ಎಷ್ಟು ಹೊರಬಂತು ಎಂದು ಅಳೆಯಿರಿ. ನಾಲ್ಕೂ ಚಕ್ರದಲ್ಲಿ ಒಂದೇ ಅಳತೆ ಇರಬೇಕು. ಒಂದರಲ್ಲಿ ಮಾತ್ರ ಹೆಚ್ಚಿದ್ದರೆ ಆ ಚಕ್ರದ ಸ್ಲಾಕ್ ಅಡ್ಜಸ್ಟರ್ (ಲೈನರ್ ಸವೆದಂತೆ ಅಂತರ ಸರಿಪಡಿಸುವ ಭಾಗ) ಕೆಲಸ ಮಾಡುತ್ತಿಲ್ಲ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಗಾಡಿ ಹೊರಟ ಮೇಲೆ ಆರಬೇಕು. ಟೇಪ್ ಅಂಟಿಸಿ ಮುಚ್ಚಿದ್ದರೆ ಡ್ರೈವರನ್ನಲ್ಲ, ಮೆಕ್ಯಾನಿಕ್‌ನನ್ನು ಕೇಳಿ. ಟೈರಿನ ಬಟನ್ (ಮೇಲ್ಮೈಯ ಗೀರಿನ ಆಳ) 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು, ಮಳೆಯ ಘಾಟಿಗೆ 3 ಮಿ.ಮೀ. ಇಟ್ಟುಕೊಳ್ಳಿ. ರೀಟ್ರೆಡ್ ಟೈರ್ ಮುಂದಕ್ಕೆ ಬೇಡವೇ ಬೇಡ.

ಲೋಡಿನ ಎತ್ತರವನ್ನೂ ನೋಡಿ. ಭಾರದ ಕಾಫಿ ಮೂಟೆ ಕೆಳಗೆ, ಹಗುರದ್ದು ಮೇಲೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸಾಧಾರಣ ಲೋಡಿನ ಲಾರಿ 26 ಕಿ.ಮೀ. ವೇಗದ ಹತ್ತಿರ ಮಗುಚುವ ಹಂತ ಮುಟ್ಟುತ್ತದೆ. ಎತ್ತರಕ್ಕೆ ಪೇರಿಸಿದ ಲಾರಿಗೆ 22 ಸಾಕು. ಹೇರ್‌ಪಿನ್‌ಗೆ 15ರಲ್ಲಿ ಇಳಿಯಿರಿ.

ಆದೇಶ ಯಾರದು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 115 ಸಾರ್ವಜನಿಕ ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಯ ಸ್ಥಿತಿಯ ಕಾರಣಕ್ಕೆ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಕೊಡುತ್ತದೆ. ಕರ್ನಾಟಕದಲ್ಲಿ ಇದರ ಜೊತೆಗೆ 1989ರ ರಾಜ್ಯ ನಿಯಮಗಳ 221(ಎ)(5)ನ್ನು ಉಲ್ಲೇಖಿಸಿ ಜಿಲ್ಲಾಧಿಕಾರಿಗಳು ಆದೇಶ ಹೊರಡಿಸುತ್ತಾರೆ. ನಿರ್ಬಂಧ ಒಂದು ತಿಂಗಳು ಮೀರುವುದಾದರೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು, ಒಂದು ತಿಂಗಳೊಳಗಿನದಕ್ಕೆ ಸ್ಥಳೀಯ ಪ್ರಕಟಣೆ ಸಾಕು. ಮಳೆ ಜೋರಾದಾಗ ರಾತ್ರೋರಾತ್ರಿ ಬರುವ ಆದೇಶಗಳಿಗೆ ವಿಪತ್ತು ನಿರ್ವಹಣಾ ಕಾಯ್ದೆ 2005ರ ಸೆಕ್ಷನ್ 34ರ ಬಲವೂ ಇರುತ್ತದೆ.

ಘಾಟಿ ಎರಡು ಜಿಲ್ಲೆಗೆ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ. ಚಾರ್ಮಾಡಿ ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡಕ್ಕೆ, ಶಿರಾಡಿ ಹಾಸನ ಮತ್ತು ದಕ್ಷಿಣ ಕನ್ನಡಕ್ಕೆ, ಆಗುಂಬೆ ಶಿವಮೊಗ್ಗ ಮತ್ತು ಉಡುಪಿಗೆ. ಮೇಲಿನವರು ಬಿಟ್ಟರೂ ಕೆಳಗಿನವರು ತಡೆಯಬಹುದು. ಹೊರಡುವ ದಿನ ಎರಡೂ ಜಿಲ್ಲಾಡಳಿತದ ಆದೇಶ ನೋಡಿ, ವಾಟ್ಸಾಪ್‌ನಲ್ಲಿ ಸುತ್ತುವ ಆದೇಶದ ದಿನಾಂಕವನ್ನು ಮೊದಲು ಓದಿ. ಹೋದ ವರ್ಷದ್ದನ್ನೇ ಜುಲೈಯಲ್ಲಿ ಮತ್ತೆ ಹಂಚುತ್ತಾರೆ.

ತಡೆ ಮುರಿದು ಹೋದರೆ ಸೆಕ್ಷನ್ 194ರ ಪ್ರಕಾರ 20,000 ರೂಪಾಯಿ ದಂಡ. ಹೆಚ್ಚುವರಿ ತೂಕ ಇದ್ದರೆ ಪ್ರತಿ ಟನ್ನಿಗೆ ಇನ್ನೂ 2,000, ಜೊತೆಗೆ ಹೆಚ್ಚಿನ ಸರಕು ಇಳಿಸುವ ಖರ್ಚು ನಿಮ್ಮದೇ. ತೂಕ ಹಾಕಿಸಲು ನಿರಾಕರಿಸಿದರೆ 40,000. ನಿಷೇಧಿತ ರಸ್ತೆಯಲ್ಲಿ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುವುದಂತೂ ಖಚಿತ ಎಂದೇ ಇಟ್ಟುಕೊಳ್ಳಿ.

ಆಡಳಿತದ ಕಡೆಯ ದೊಡ್ಡ ಲೋಪ ಫಲಕದ್ದು. ಘಾಟಿಯ ಬಾಯಲ್ಲಿ, ಕೊಟ್ಟಿಗೆಹಾರದಲ್ಲಿ ಫಲಕ ಹಾಕಿ ಪ್ರಯೋಜನವಿಲ್ಲ. ಅಲ್ಲಿಗೆ ಬಂದ ಲಾರಿಗೆ ತಿರುಗಿಸಲೂ ಜಾಗ ಇರುವುದಿಲ್ಲ, ರಾತ್ರಿಯಾದರೆ ಕದ್ದು ಇಳಿಯುವ ಆಸೆ ಹುಟ್ಟುತ್ತದೆ. ಮಂಗಳೂರಿನಿಂದ ಬರುವವರಿಗೆ ಎರಡು ಹೆದ್ದಾರಿ ಕವಲೊಡೆಯುವ ಬಿ.ಸಿ.ರೋಡಿನಲ್ಲಿ, ಮೇಲಿನಿಂದ ಬರುವವರಿಗೆ ಹಾನುಬಾಳು ದಾರಿ ಕವಲೊಡೆಯುವ ಮೂಡಿಗೆರೆಯಲ್ಲಿ ಫಲಕ ಇರಬೇಕು. ಇನ್ನೊಂದು, ಒಂದು ಘಾಟಿ ಮುಚ್ಚಿದರೆ ಅದರ ಭಾರವೆಲ್ಲ ಪಕ್ಕದ ಘಾಟಿಯ ಅಂಚಿನ ಮೇಲೆ ಬೀಳುತ್ತದೆ. 2015ರಲ್ಲಿ ಮತ್ತು 2018ರಲ್ಲಿ ಕಾಂಕ್ರೀಟ್ ಕೆಲಸಕ್ಕೆ ಶಿರಾಡಿಯನ್ನು ತಿಂಗಳುಗಟ್ಟಲೆ ಮುಚ್ಚಿದಾಗ ಚಾರ್ಮಾಡಿ ಅದನ್ನು ಹೊತ್ತಿತು. ಕಾಂಕ್ರೀಟ್ ಮುಗಿದ ಶಿರಾಡಿಯೇ ಆ 2018ರ ಆಗಸ್ಟ್‌ನಲ್ಲಿ ಮತ್ತೆ ಕುಸಿಯಿತು. ಮೇಲ್ಮೈ ಗಟ್ಟಿಯಾದ ಮಾತ್ರಕ್ಕೆ ಕೆಳಗಿನ ಗುಡ್ಡ ಗಟ್ಟಿಯಾಗುವುದಿಲ್ಲ.

ಡ್ರೈವರಿಗೆ ಇದನ್ನೂ ಹೇಳಿಡಿ: ಡಾಂಬರಿನ ಮೇಲೆ ಅಂಚಿನ ಕಡೆ ಬಿಲ್ಲಿನಾಕಾರದ ಹೊಸ ಬಿರುಕು, ವಾಲಿದ ತಡೆಗೋಡೆ, ಧರೆಯಿಂದ ಉದುರುವ ಸಣ್ಣ ಕಲ್ಲು, ಸ್ವಚ್ಛವಾಗಿ ಹರಿಯುತ್ತಿದ್ದ ಝರಿ ಒಮ್ಮೆಲೇ ಕೆಂಪಾಗುವುದು ಅಥವಾ ಮಳೆ ಸುರಿಯುತ್ತಿದ್ದರೂ ನಿಂತುಹೋಗುವುದು, ಇವು ಕಂಡರೆ ಅಲ್ಲಿ ನಿಲ್ಲಬಾರದು. ದಾಟಿ ಹೋಗಿ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ ಹೇಳಲಿ. ಹೊರ ಅಂಚಿನ ಲೋಹದ ತಡೆಬೇಲಿಗೆ ಒರಗಿಸಿ ಎದುರಿನವರಿಗೆ ಸೈಡ್ ಕೊಡುವುದು ಬೇಡ. ಅದರ ಕಂಬ ನಿಂತಿರುವುದು ತುಂಬುಮಣ್ಣಿನಲ್ಲಿ, ಕಾರನ್ನು ತಡೆದೀತು, ಲಾರಿಯನ್ನಲ್ಲ. ಇಕ್ಕಟ್ಟಿನಲ್ಲಿ ಹತ್ತುವವರಿಗೆ ಮೊದಲ ದಾರಿ, ಇಳಿಯುವವರು ತಿರುವಿನ 15–20 ಮೀಟರ್ ಮೊದಲೇ ನಿಲ್ಲಬೇಕು. ಜಲಪಾತ ನೋಡಲು ಕಾರು ನಿಲ್ಲಿಸುವವರು ಈ ಜಾಗವನ್ನೇ ಆಕ್ರಮಿಸುತ್ತಾರೆ ಎನ್ನುವುದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮನವಿ. ‘ನಮ್ಮ ಲಾರಿ ಬಿಡಿ’ ಎಂದು ಬರೆದರೆ ಕಡತಕ್ಕೆ ಸೇರುತ್ತದೆ. ಜಿಲ್ಲಾಧಿಕಾರಿಗೆ ಬರೆದು, ಪ್ರತಿಯನ್ನು ರಾಷ್ಟ್ರೀಯ ಹೆದ್ದಾರಿ ವಿಭಾಗದ ಕಾರ್ಯಪಾಲಕ ಎಂಜಿನಿಯರ್‌ಗೆ ಮತ್ತು ಪೊಲೀಸ್ ವರಿಷ್ಠಾಧಿಕಾರಿಗೆ ಕೊಡಿ. ಕೇಳಬೇಕಾದದ್ದು ಮೂರು: ನಿರ್ಬಂಧವನ್ನು ಚಕ್ರದ ಲೆಕ್ಕದಲ್ಲಿ ಅಲ್ಲದೆ ಒಟ್ಟು ತೂಕ ಮತ್ತು ಆಕ್ಸಲ್ ಅಂತರದ ಲೆಕ್ಕದಲ್ಲಿ ಹೇಳಲಿ, ಮಳೆಗಾಲ ಬಿಟ್ಟು ಹಗಲಿನಲ್ಲಿ ಖಾಲಿ ಆರು ಚಕ್ರದ ಲಾರಿಗೆ ಹತ್ತುವ ದಿಕ್ಕಿನಲ್ಲಾದರೂ ಅವಕಾಶ ಕೊಡಲಿ, ಪುತ್ತೂರು ಅಥವಾ ಬೆಳ್ತಂಗಡಿ ಕಡೆಯ ತೂಕದ ಚೀಟಿಯನ್ನು ಚೆಕ್‌ಪೋಸ್ಟಿನಲ್ಲಿ ದಾಖಲೆಯಾಗಿ ಒಪ್ಪಲಿ. ಹತ್ತುವ ದಿಕ್ಕು ಎಂದು ಒತ್ತಿ ಬರೆಯಿರಿ. ಹತ್ತುವಾಗ ಬ್ರೇಕ್ ಕಾಯುವ ಮಾತಿಲ್ಲ, ಎಡಕ್ಕೆ ಹೋಗುವ ನಮ್ಮ ನಿಯಮದಲ್ಲಿ ಚಾರ್ಮಾಡಿಯ ಯಾವ ಭಾಗದಲ್ಲಿ ಗುಡ್ಡ ಎಡಕ್ಕೆ ಇದೆಯೋ ಅಲ್ಲಿ ಗಾಡಿ ಗಟ್ಟಿ ನೆಲದ ಮೇಲೇ ಸಾಗುತ್ತದೆ. ಆ ಭಾಗಗಳ ಕಿ.ಮೀ. ಕಲ್ಲಿನ ಸಂಖ್ಯೆ ಬರೆದು, ಕುಸಿದ ಅಂಚುಗಳ ಫೋಟೊ ಲಗತ್ತಿಸಿ ಕೊಟ್ಟರೆ ಎಂಜಿನಿಯರ್ ಅದಕ್ಕೆ ಲಿಖಿತ ಅಭಿಪ್ರಾಯ ಕೊಡುವ ಸಾಧ್ಯತೆ ಹೆಚ್ಚು.